ಜೈಲಿನಲ್ಲಿ ನಿಮ್ಮವರನ್ನು ಒಂಟಿ ಸೆಲ್‌ಗೆ ಹಾಕಿದರೆ: ಧಾರವಾಡ, ಗದಗ, ಹಾವೇರಿಯವರಿಗೆ

ಮೊದಲು ತೀರ್ಪಿನ ಪ್ರತಿ ತೆಗೆದು ಓದಿ. ಏಕಾಂತ ಸೆರೆ ವಿಧಿಸುವುದು ನ್ಯಾಯಾಲಯದ ಕೆಲಸ, ಜೈಲಿನದಲ್ಲ. ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಹೇಳಿದೆ. ಕೋರ್ಟ್ ವಿಧಿಸಿದರೂ ಭಾರತೀಯ ನ್ಯಾಯ ಸಂಹಿತೆಯ 11, 12ನೇ ಕಲಂಗಳ ಪ್ರಕಾರ ಒಟ್ಟು 3 ತಿಂಗಳು ಮೀರುವಂತಿಲ್ಲ, ಒಂದು ಸಲಕ್ಕೆ 14 ದಿನ ದಾಟುವಂತಿಲ್ಲ, ನಡುವೆ ಕನಿಷ್ಠ ಅಷ್ಟೇ ದಿನ ಬಿಡುವು ಇರಬೇಕು. ವಿಚಾರಣಾಧೀನ ಕೈದಿಗೆ ಶಿಕ್ಷೆಯೇ ಆಗಿಲ್ಲ. ಅವರನ್ನು ಈ ಕಲಂಗಳಡಿ ಏಕಾಂತ ಸೆರೆಗೆ ಹಾಕುವ ಮಾತೇ ಬರುವುದಿಲ್ಲ.

'ಸುರಕ್ಷತೆಗೆಂದು ಬೇರೆ ಇಟ್ಟಿದ್ದೇವೆ' ಎಂಬ ಉತ್ತರ ಬಂದರೆ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ, ಗಂಟೆ ಎಣಿಸಿ. ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಹೊತ್ತು ಅರ್ಥಪೂರ್ಣ ಮನುಷ್ಯ ಸಂಪರ್ಕವಿಲ್ಲದೆ ಇಟ್ಟರೆ, ಕೈದಿಗಳನ್ನು ನಡೆಸಿಕೊಳ್ಳುವ ಕುರಿತ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳ ಪ್ರಕಾರ ಅದು ಏಕಾಂತ ಸೆರೆಯೇ. ಸತತ 15 ದಿನ ದಾಟುವುದನ್ನು ಆ ನಿಯಮಗಳು ನಿಷೇಧಿಸುತ್ತವೆ.

ಹಾಗಾಗಿ ಪ್ರತಿ ಮುಲಾಖತ್ (ಜೈಲಿನ ಭೇಟಿ) ಮುಗಿದ ಕೂಡಲೇ ಗೇಟಿನ ಹೊರಗೇ ನಿಂತು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. 'ಮಂಗಳವಾರ, ಇಂಥ ತಾರೀಖು. ಹೊರಗೆ ಬಿಟ್ಟದ್ದು 7ರಿಂದ 7.40. ಡಾಕ್ಟರ್ ಬಂದಿಲ್ಲ. ಮೂರು ರಾತ್ರಿ ನಿದ್ದೆಯಿಲ್ಲ. ಕೇಳಿದ್ದನ್ನೇ ಮತ್ತೆ ಕೇಳಿದ.' ಇಷ್ಟು ಸಾಕು. 'ಬಹಳ ತ್ರಾಸು ಕೊಡ್ತಾರ' ಎಂಬ ಒಂದೇ ಸಾಲಿನ ದೂರು ನಿಲ್ಲುವುದಿಲ್ಲ. ತಾರೀಖು, ಗಂಟೆ ಇದ್ದರೆ ನಿಲ್ಲುತ್ತದೆ.

ಆಮೇಲೆ ಜೈಲು ಸೂಪರಿಂಟೆಂಡೆಂಟರಿಗೆ ಎರಡು ಪ್ರತಿಯಲ್ಲಿ ಅರ್ಜಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಹಳ ಮಂದಿ ಎಡವುವುದು ಇಲ್ಲೇ. ಜೊತೆಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ: ಯಾವ ಆದೇಶದ ಮೇಲೆ, ಎಂದಿನಿಂದ ಬೇರೆ ಇಟ್ಟಿದ್ದಾರೆ? ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಜೀವ, ಸ್ವಾತಂತ್ರ್ಯದ ಪ್ರಶ್ನೆ ಎಂದು ಮೇಲೇ ಬರೆಯಿರಿ; ಆಗ ಉತ್ತರಕ್ಕೆ 48 ಗಂಟೆಯಷ್ಟೇ ಗಡುವು.

ವಕೀಲರಿಗೆ ದುಡ್ಡಿಲ್ಲವೆಂದು ಕೈಚೆಲ್ಲಬೇಡಿ. ಬಂಧನದಲ್ಲಿರುವ ಯಾರಿಗಾದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಆದಾಯ ನೋಡುವುದಿಲ್ಲ. ಸಹಾಯವಾಣಿ 15100. ಜೈಲಿನಿಂದ ಉತ್ತರ ಬಾರದಿದ್ದರೆ ಮೂರೂ ಜಿಲ್ಲೆಯವರಿಗೆ ಧಾರವಾಡ ಹೈಕೋರ್ಟ್ ಪೀಠದಲ್ಲಿ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿಯ ದಾರಿ ಇದೆ. ನೋಟ್‌ಬುಕ್ಕಿನ ಪ್ರತಿಗಳು ಅದರ ಜೊತೆಗಿರಲಿ.

ಪಕ್ಕದ ಬೆಳಗಾವಿ ಜೈಲಿನಲ್ಲಿ ಬಿ.ಎ. ಉಮೇಶ್‌ನನ್ನು ವರ್ಷಗಟ್ಟಲೆ ಒಂಟಿಯಾಗಿ ಇಟ್ಟದ್ದಕ್ಕಾಗಿ ಸುಪ್ರೀಂ ಕೋರ್ಟ್ 2022ರಲ್ಲಿ ಆತನ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ನೀವು ಅಷ್ಟು ವರ್ಷ ಕಾಯಬೇಕಿಲ್ಲ. ಹದಿನೈದನೆಯ ದಿನಕ್ಕೆ ಅರ್ಜಿ ಕೈಯಲ್ಲಿರಲಿ.