ಕವಣೆಗೆ ಮಣ್ಣಿನ ಗುಂಡು: ಕೊನೆಗೂ ಹಾರಿತು

ಕವಣೆಯಲ್ಲಿ ಮಣ್ಣಿನ ಗುಂಡು ಇಟ್ಟು ಬೀಸುತ್ತೇನೆ ಅಂದಾಗ ನಮ್ಮ ಕಾಕಾ ಹೇಳಿದ್ದು ಇಷ್ಟೇ: "ತಮ್ಮಾ, ಅದು ಗಾಳ್ಯಾಗ ಒಡೀತೈತಿ. ಕಲ್ಲ ಬಿಟ್ಟು ಮಣ್ಣ ಯಾಕ?" ಹೋದ ತಿಂಗಳು ಅದೇ ಕಾಕಾನ ಎದುರು, ಸುಮಾರು 90 ಹೆಜ್ಜೆ ದೂರದ ಹಳೇ ಮಣ್ಣಿನ ಗೋಡೆಗೆ ಹತ್ತರಲ್ಲಿ ಆರು ಗುಂಡು ತಾಗಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆಸೆ ಹುಟ್ಟಿಸಿದ್ದು ಹಮೂಕಾರ್. ಸಿರಿಯಾದ ಈಶಾನ್ಯ ಮೂಲೆಯಲ್ಲಿ, ಇರಾಕ್ ಗಡಿ ಹತ್ತಿರ ಇರುವ ಹಳೇ ಊರಿನ ದಿಬ್ಬ. ಕ್ರಿ.ಪೂ. 3500ರ ಸುಮಾರಿಗೆ ಅಲ್ಲಿ ಕಾಳಗ ನಡೆದು ಗೋಡೆಗಳು ಕುಸಿದವು, ಊರಿಗೆ ಬೆಂಕಿ ಬಿತ್ತು. 2005ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರೂ ಸಿರಿಯಾದವರೂ ಸೇರಿ ಅಗೆದಾಗ ಸಾವಿರಕ್ಕೂ ಜಾಸ್ತಿ ಮಣ್ಣಿನ ಕವಣೆ ಗುಂಡುಗಳು ಸಿಕ್ಕವು. ಜೊತೆಗೆ ನೂರಕ್ಕೂ ಜಾಸ್ತಿ ದೊಡ್ಡ ಮಣ್ಣುಂಡೆಗಳು. ಈಗಿನ ಇರಾಕ್‌ನ ದಕ್ಷಿಣದಲ್ಲಿದ್ದ ಹಳೇ ಪಟ್ಟಣ ಲಗಾಷ್‌ನ ರಾಜ ಈಅನ್ನತುಮ್ ತನ್ನ ಗೆಲುವಿಗೆ ಕೆತ್ತಿಸಿದ ಹದ್ದುಗಳ ಶಿಲೆಯಲ್ಲಿ ಗುರಾಣಿ, ಈಟಿ ಹಿಡಿದ ಸಾಲು ಕಾಣುತ್ತದಲ್ಲ, ಅದು ಇದಾಗಿ ಸುಮಾರು ಸಾವಿರ ವರ್ಷದ ಮೇಲೆ. ಎಲ್ಲರೂ ಆ ಸಾಲಿನ ಬಗ್ಗೆಯೇ ಮಾತಾಡುತ್ತಾರೆ. ಕವಣೆಯವರನ್ನು ಯಾರೂ ಕೇಳುವುದಿಲ್ಲ, ನನಗೆ ಅದೇ ಬೇಸರ.

ಜೋಳದ ಹೊಲದಲ್ಲಿ ಹಕ್ಕಿ ಕಾದವರಿಗೆ ಕವಣೆ ಬೀಸುವುದನ್ನು ಹೇಳಿಕೊಡಬೇಕಿಲ್ಲ. ಗುಂಡಿನ ವಿಷಯಕ್ಕೆ ಬರುತ್ತೇನೆ.

ಮೊದಲು ನಮ್ಮ ಹೊಲದ ಎರೆ ಮಣ್ಣಿನಲ್ಲೇ ಕಟ್ಟಿದೆ. ಬಿಸಿಲಿಗಿಟ್ಟ ಎರಡೇ ದಿನಕ್ಕೆ ಅರವತ್ತರಲ್ಲಿ ಐವತ್ತು ಬಿರುಕು ಬಿಟ್ಟವು. ಉಳಿದವು ಕವಣೆಯಿಂದ ಹೊರಡುವಾಗಲೇ ಎರಡು ಹೋಳಾದವು. ನೆರಳಲ್ಲಿ ಒಣಗಿಸಿದೆ, ಸ್ವಲ್ಪ ವಾಸಿ ಅಷ್ಟೇ. ಕುಂಬಾರರ ಹತ್ತಿರ 300 ರೂಪಾಯಿಗೆ ಒಂದು ಚೀಲ ಹದ ಮಾಡಿದ ಮಣ್ಣು ತಂದೆ. ಗುಂಡು ಚೆನ್ನಾಗಿ ಬಂತು, ಆದರೆ ಉರುಟಾಗಿ ಕಟ್ಟಿದ್ದೇ ತಪ್ಪು. ಒಂದು ಬಲಕ್ಕೆ ಹೋದರೆ ಇನ್ನೊಂದು ಎಡಕ್ಕೆ. ಹಮೂಕಾರ್‌ನ ಚಿಕ್ಕ ಗುಂಡುಗಳು ಮೊಟ್ಟೆಯ ಆಕಾರದವು. ಅದನ್ನು ಮೊದಲೇ ಗಮನಿಸಿದ್ದರೆ ಮೂರು ವಾರ ಉಳಿಯುತ್ತಿತ್ತು.

ಈಗ ಮಾಡುವುದು ಹುತ್ತದ ಮಣ್ಣು, ಜರಡಿ ಹಿಡಿದ ಮರಳು, ಸಣ್ಣ ಹೊಟ್ಟು ಸೇರಿಸಿ. ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಂದೊಂದು 50 ಗ್ರಾಂ ಆಸುಪಾಸು, ಪಾರಿವಾಳದ ಮೊಟ್ಟೆಗಿಂತ ಸ್ವಲ್ಪ ದಪ್ಪ. ಕವಣೆಗೆ ಮೊದಲು ನೈಲಾನ್ ಹಗ್ಗ ಹಾಕಿದ್ದೆ, ಬೆರಳು ಸುಲಿಯಿತು. ಹತ್ತಿ ಹುರಿ ಹೊಸೆದ ಮೇಲೆ ಸರಿಹೋಯಿತು. ಬೀಸುವ ತುದಿಗೆ ಒಂದು ಗಂಟಿದೆ, ಅದನ್ನೂ ಹೇಳುವುದಿಲ್ಲ. ಎಲ್ಲಾ ಸೇರಿ ಖರ್ಚು ಸುಮಾರು 1800 ರೂಪಾಯಿ. ಅದರಲ್ಲಿ ಅರ್ಧ ಹಾಳಾದ ಮಣ್ಣು, ಹಗ್ಗಕ್ಕೇ ಹೋಯಿತು.

ನಡುವೆ ಇಪ್ಪತ್ತು ಗುಂಡು ಕುಳ್ಳಿನ ಬೆಂಕಿಯಲ್ಲಿ ಸುಟ್ಟೂ ನೋಡಿದೆ. ಗಟ್ಟಿ ಏನೋ ಆದವು. ಆದರೆ ಹಮೂಕಾರ್‌ನಲ್ಲಿ ಕಾಳಗದ ಹೊತ್ತಿನಲ್ಲಿ ಸುಡುತ್ತಾ ಕೂರಲು ಪುರುಸೊತ್ತು ಎಲ್ಲಿತ್ತು? ಸಾಮಾನು ಮುಚ್ಚಿ ಮುದ್ರೆ ಒತ್ತುವ ಮಣ್ಣನ್ನು ನೆನೆಸಿ ಮತ್ತೆ ಬಳಸಲು ಅವರೊಂದು ಗುಂಡಿ ಮಾಡಿಕೊಂಡಿದ್ದರು. ಅದರ ಅಂಚಿನಲ್ಲಿ ಎರಡು ಡಜನ್‌ನಷ್ಟು ಕವಣೆ ಗುಂಡುಗಳು ಸಾಲಾಗಿ ಸಿಕ್ಕಿವೆ. ಕಚೇರಿ ಕೆಲಸದ ಮಣ್ಣೇ ಗುಂಡಾಯಿತು! ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿನ ಕೆಲವು ಗುಂಡುಗಳು ಬಡಿದ ಕಡೆ ಚಪ್ಪಟೆಯಾಗಿವೆ, ಅಂದರೆ ಪೂರ್ತಿ ಒಣಗುವ ಮೊದಲೇ ಎಸೆದಿದ್ದಾರೆ.

ಹಾಗಾಗಿ ಬೆಳಿಗ್ಗೆ ಕಟ್ಟಿ ಸಂಜೆಗೇ ಬೀಸಿದೆ. ಉಗುರು ಒತ್ತಿದರೆ ಗುರುತು ಬೀಳುವಷ್ಟು ಹಸಿ. ಒಂದೂ ಗಾಳಿಯಲ್ಲಿ ಒಡೆಯಲಿಲ್ಲ! ಗೋಡೆಗೆ ಬಡಿದವು ಮೂಗು ಜಜ್ಜಿಕೊಂಡು ಬಿದ್ದವು. ದೂರ ಮಾತ್ರ ಹತ್ತು ಹೆಜ್ಜೆ ಕಡಿಮೆ. ಒಣಗಿದ್ದೇ ಬೇಕು ಅಂತ ಎರಡು ತಿಂಗಳು ಒದ್ದಾಡಿದ್ದು ಬೇಕಿರಲಿಲ್ಲ, ಅಲ್ವಾ?

ಈಗ ದೊಡ್ಡ ಉಂಡೆಗಳ ಹಿಂದೆ ಬಿದ್ದಿದ್ದೇನೆ. ಕಾಲು ಕೆಜಿಯದಕ್ಕೆ ಕವಣೆಯಲ್ಲಿ ಗುಂಡು ಕೂರುವ ಬಟ್ಟೆಯ ತೊಟ್ಟಿಲು ಎರಡು ಸಲ ಹರಿಯಿತು. ಚರ್ಮದ್ದು ಹೊಲಿಸಲು ಕೊಟ್ಟಿದ್ದೇನೆ.