ಚನ್ನಗಿರಿಯ ಅಡಿಕೆ ತೋಟದಲ್ಲಿ ಸಾಲುಧೂಪ

ಸಾಲುಧೂಪ ಘಟ್ಟದ ಮರ, ನಮ್ಮ ಚನ್ನಗಿರಿ ಕಡೆ ಬರಲ್ಲ, ಸುಮ್ನೆ ದುಡ್ಡು ಹಾಳು ಎಂದವರೇ ಜಾಸ್ತಿ. ಈಗ ತೋಟದಲ್ಲಿ ಎದೆಮಟ್ಟ ದಾಟಿದ ಗಿಡಗಳೇ ಮೂವತ್ತರ ಮೇಲಿವೆ. ಅಂದು ಬೇಡ ಎಂದವರೇ ಇಂದು ಸಸಿ ಕೇಳಿಕೊಂಡು ಬರುತ್ತಿದ್ದಾರೆ.

ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ತಾನಾಗಿ ಹುಟ್ಟದ ಮರ ಇದು. ಪ್ಲೈವುಡ್‌ಗೆಂದು ಕಡಿದು ಅಲ್ಲೂ ಕಮ್ಮಿಯಾಗಿದೆ. ಅದಕ್ಕೇ ಹಟ ಹಿಡಿದೆ.

ಮೊದಲ ವರ್ಷ ಬೀಜವನ್ನು ಬಸ್ ಪಾರ್ಸೆಲ್‌ನಲ್ಲಿ ತರಿಸಿದೆ. ಕಳಿಸಿದವರು ಒದ್ದೆ ಗೋಣಿಯಲ್ಲಿ ಬಿಗಿಯಾಗಿ ಕಟ್ಟಿದ್ದರು. ಬಿಚ್ಚಿದರೆ ಹುಳಿ ನಾತ, ಮೇಲೆಲ್ಲಾ ಬೂಷ್ಟು. ಮರುವರ್ಷ ಒಣಗಿಸಿ ಕಳಿಸಿದರು, ಒಂದೂ ಮೊಳೆಯಲಿಲ್ಲ. ಈ ಬೀಜಕ್ಕೆ ಒಣಗಿದರೆ ಜೀವ ಇರಲ್ಲ. ಎರಡು ಸಲದ್ದೂ ಸೇರಿ ಆರೇಳು ಸಾವಿರ ಹೋಯಿತು.

ಆಮೇಲೆ ಜುಲೈ ಮಳೆಯಲ್ಲಿ ನಾನೇ ಸುಳ್ಯದ ಕಡೆ ಪರಿಚಯದವರ ತೋಟಕ್ಕೆ ಹೋದೆ. ಮರದ ಬುಡದಲ್ಲಿ ಕಂದು ಸಿಪ್ಪೆ ಮೂರು ಹೋಳಾಗಿ ಬಿರಿದು, ದಪ್ಪ ಬೇರಿನ ಮೂತಿ ಆಗಲೇ ಹೊರಗೆ ಬಂದಿತ್ತು. ಅಂಥವನ್ನೇ ಆರಿಸಿ, ಹಿಂಡಿದ ತೆಂಗಿನ ನಾರಿನ ಪುಡಿಯಲ್ಲಿ ಸಡಿಲವಾಗಿ ತುಂಬಿದೆ. ಮರುದಿನವೇ ಉದ್ದನೆಯ ಪಾಕೆಟ್‌ಗೆ ಹಾಕಿದೆ. ಗಿಡ್ಡ ಪಾಕೆಟ್ ಆದರೆ ತಾಯಿಬೇರು ಸುತ್ತಿಕೊಳ್ಳುತ್ತದೆ. ನೂರಕ್ಕೆ ಎಂಬತ್ತರ ಹತ್ತಿರ ಎದ್ದವು, ಕೆಂಪು ಚಿಗುರು ನೋಡಿ ಹೊಟ್ಟೆ ತುಂಬಿತು.

ಅಸಲಿ ಕಷ್ಟ ಬಂದದ್ದು ಬೇಸಿಗೆಯಲ್ಲಿ. ಬಿಸಿಲಿಗಿಂತ ಬೋರ್ ನೀರೇ ಕಾಟ ಕೊಟ್ಟಿತು. ಆ ಗಡಸು ನೀರಿಗೆ ಎಲೆಯ ಅಂಚು ಸುಟ್ಟು, ಅರ್ಧಕ್ಕರ್ಧ ಸಸಿ ಹೋದವು. ಭದ್ರಾ ನಾಲೆ ನೀರನ್ನು ಕೃಷಿಹೊಂಡಕ್ಕೆ ತುಂಬಿಸಿಕೊಂಡ ಮೇಲೆ ಉಳಿದವು ಚೇತರಿಸಿಕೊಂಡವು. ಹೊಂಡದ ಪ್ಲಾಸ್ಟಿಕ್ ಹಾಳೆಗೇ ಹತ್ತಿರ ಹತ್ತಿರ ನಲವತ್ತು ಸಾವಿರ. ಅದು ಅಡಿಕೆಗೂ ಆಯಿತು ಬಿಡಿ.

ನಡುವೆ ಅಡಿಕೆ ಹಾಳೆಯ ತೊಟ್ಟಿಯಲ್ಲೂ ಕೆಲವು ಬೆಳೆಸಿದೆ, ಗೆದ್ದಲು ಬಿಡಲಿಲ್ಲ. ಬದುವಿನ ಎರೆಮಣ್ಣಿಗೆ ನೆಟ್ಟವೂ ನೆಲ ಬಿರುಕು ಬಿಟ್ಟಾಗ ಒಣಗಿದವು. ಫಲ ಕೊಟ್ಟ ಪ್ರಯೋಗ ಒಂದಿದೆ. ತಾಯಿಮರದ ಬುಡದ ಮಣ್ಣನ್ನು ಪಾಕೆಟ್‌ಗೆ ಒಂದೊಂದು ಹಿಡಿ ಬೆರೆಸಿದೆ. ಈ ಜಾತಿಯ ಬೇರಿಗೆ ಜೊತೆಯಾಗುವ ಶಿಲೀಂಧ್ರ ಆ ಮಣ್ಣಲ್ಲಿರುತ್ತದೆ. ಬೆರೆಸಿದವು ಕಡುಹಸಿರು, ಬೆರೆಸದವು ವರ್ಷವಾದರೂ ಹಳದಿ.

ಮೊದಲ ಬೇಸಿಗೆಯಲ್ಲಿ ಬುಡಕ್ಕೆ ಏನು ಮುಚ್ಚುತ್ತೇನೆ ಎನ್ನುವುದನ್ನು ಇಲ್ಲಿ ಬರೆಯಲ್ಲ. ತೋಟಕ್ಕೆ ಬಂದರೆ ತೋರಿಸುತ್ತೇನೆ. ಈಗ ಸಸಿಗೆ ಇನ್ನೂರು ರೂಪಾಯಿ ಇಟ್ಟಿದ್ದೇನೆ. ಹಾಕಿದ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ. ಆದರೂ ನೆರಳಿಲ್ಲದ ಬಯಲಿಗೆ ನೆಡುತ್ತೇನೆ ಎನ್ನುವವರಿಗೆ ಎಷ್ಟು ಕೊಟ್ಟರೂ ಕೊಡಲ್ಲ.