ಆನ್‌ಲೈನ್‌ನಲ್ಲಿ ಎಪಿಡೆಮಿಯಾಲಜಿ ಕಲಿಸುವುದು ಹೇಗೆ? ಛೇದದಿಂದ ಶುರು ಮಾಡಿ

“ಈ ಕಾಯಿಲೆಯಿಂದ 40 ಜನ ತೀರಿಕೊಂಡರು.” ಇಷ್ಟೇ ಓದಿದರೆ ಏನು ತಿಳಿಯಿತು? ಹೆಚ್ಚೇನೂ ಇಲ್ಲ. 200 ಜನರಲ್ಲಿ 40 ಮಂದಿಯೋ, 2 ಲಕ್ಷ ಜನರಲ್ಲೋ? ಒಂದು ವಾರದಲ್ಲೋ, ಒಂದು ವರ್ಷದಲ್ಲೋ? ಭಿನ್ನರಾಶಿಯಲ್ಲಿ ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ ಅಂತ ಶಾಲೆಯಲ್ಲೇ ಕಲಿತಿದ್ದೇವೆ ಅಲ್ವಾ? ಇಲ್ಲಿ 40 ಅಂಶ, ಒಟ್ಟು ಜನ ಛೇದ. ಕಾಯಿಲೆ ಯಾರಿಗೆ, ಎಲ್ಲಿ, ಯಾವಾಗ, ಯಾಕೆ ಬರುತ್ತದೆ ಎಂದು ಹುಡುಕುವ ಎಪಿಡೆಮಿಯಾಲಜಿಯಲ್ಲಿ ಅರ್ಧ ಕೆಲಸ ಆ ಛೇದವನ್ನು ಸರಿಯಾಗಿ ಹಿಡಿಯುವುದೇ.

ನರ್ಸಿಂಗ್, ವೈದ್ಯಕೀಯ, ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳಿಗೆ ಇದನ್ನು ನಾನು ಆನ್‌ಲೈನ್‌ನಲ್ಲಿ ಕಲಿಸುತ್ತೇನೆ. ಮೊದಲ ಬ್ಯಾಚಿಗೆ ಒಂದೂವರೆ ಗಂಟೆ ಸ್ಲೈಡ್ ತೋರಿಸಿ ಸೂತ್ರ ಹೇಳಿದೆ. ಕೊನೆಗೆ ಒಂದು ಸಣ್ಣ ಲೆಕ್ಕ ಕೊಟ್ಟರೆ ಒಬ್ಬರಿಂದಲೂ ಉತ್ತರ ಬರಲಿಲ್ಲ. ಅವತ್ತೇ ಕ್ರಮ ಬದಲಿಸಿದೆ. ಈಗ ಕಲಿಸುವ ರೀತಿ ಇದು.

ಮೊದಲ ಹೆಜ್ಜೆ: ಒಂದು ಊಟದ ಕಥೆ

1940ರ ಏಪ್ರಿಲ್ 18. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಸ್ವೀಗೊ ಕೌಂಟಿಯಲ್ಲಿ ಚರ್ಚಿನವರು ಒಂದು ರಾತ್ರಿ ಊಟ ಏರ್ಪಡಿಸಿದ್ದರು. 80 ಜನ ಬಂದಿದ್ದರು. ಊಟ ಮಾಡಿದ ಕೆಲವೇ ಗಂಟೆಗಳಲ್ಲಿ ಒಬ್ಬೊಬ್ಬರಿಗೇ ವಾಂತಿ, ಭೇದಿ. ಆಮೇಲೆ 75 ಜನರನ್ನು ಮಾತನಾಡಿಸಿದಾಗ ಅವರಲ್ಲಿ 46 ಜನ ಕಾಯಿಲೆ ಬಿದ್ದಿದ್ದರು. ಯಾರು ಏನೇನು ತಿಂದರು ಎಂಬ ಪೂರ್ತಿ ಪಟ್ಟಿ ಇವತ್ತಿಗೂ ಪಾಠಕ್ಕೆ ಬಳಕೆಯಲ್ಲಿದೆ. ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಈ ಪಟ್ಟಿಯನ್ನು ಎಲ್ಲರೂ ಒಟ್ಟಿಗೆ ತೆರೆಯಬಹುದಾದ ಒಂದು ಸ್ಪ್ರೆಡ್‌ಶೀಟಿಗೆ ಹಾಕಿ. ಅದರಲ್ಲಿ 14 ತಿನಿಸು, ಪಾನೀಯಗಳಿವೆ. ಒಂದೊಂದನ್ನು ಇಬ್ಬಿಬ್ಬರಿಗೆ ಹಂಚಿ. ಮಾಡಬೇಕಾದ್ದು ಇಷ್ಟೇ: ನಾಲ್ಕು ಮನೆಯ ಒಂದು ಕೋಷ್ಟಕ. ತಿಂದು ಕಾಯಿಲೆ ಬಿದ್ದವರು, ತಿಂದೂ ಚೆನ್ನಾಗಿದ್ದವರು, ತಿನ್ನದೆ ಕಾಯಿಲೆ ಬಿದ್ದವರು, ತಿನ್ನದೆ ಚೆನ್ನಾಗಿದ್ದವರು. ಸೂತ್ರದ ಹೆಸರು ಇನ್ನೂ ಹೇಳಬೇಡಿ.

ಮಾಂಸದ ಜೋಡಿ ಮೊದಲು ಕೈ ಎತ್ತುತ್ತದೆ. “46 ರೋಗಿಗಳಲ್ಲಿ 29 ಜನ ಬೇಯಿಸಿದ ಹ್ಯಾಮ್ (ಹಂದಿ ಮಾಂಸ) ತಿಂದಿದ್ದಾರೆ, ಅದೇ ಇರಬೇಕು!” ಸ್ವಲ್ಪ ಕಾಯಿರಿ. ಹ್ಯಾಮ್ ತಿಂದವರು ಒಟ್ಟು ಎಷ್ಟು? 46. ತಿನ್ನದವರು 29, ಅವರಲ್ಲೂ 17 ಜನ ಮಲಗಿದ್ದಾರೆ. ಅಂದರೆ ತಿಂದವರಲ್ಲಿ 63%, ತಿನ್ನದವರಲ್ಲಿ 59%. ಹೆಚ್ಚುಕಮ್ಮಿ ಒಂದೇ. ಈಗ ವೆನಿಲಾ ಐಸ್‌ಕ್ರೀಮ್ ಜೋಡಿಯನ್ನು ಕರೆಯಿರಿ. ತಿಂದ 54 ಜನರಲ್ಲಿ 43 ಮಂದಿಗೆ ಕಾಯಿಲೆ, ಸುಮಾರು 80%. ತಿನ್ನದ 21 ಜನರಲ್ಲಿ ಮೂವರಿಗೆ ಮಾತ್ರ, 14%. ಮೊದಲನೆಯದನ್ನು ಎರಡನೆಯದರಿಂದ (ದಶಮಾಂಶ ಬಿಡದೆ) ಭಾಗಿಸಿದರೆ 5.6. ಇದಕ್ಕೇ ರಿಲೇಟಿವ್ ರಿಸ್ಕ್ ಅನ್ನುತ್ತಾರೆ ಎಂದು ಆಗ ಹೇಳಿ. ಹೆಸರು ಬರುವ ಹೊತ್ತಿಗೆ ಅರ್ಥ ಕೈಯಲ್ಲಿರುತ್ತದೆ.

ಚಾಕೊಲೇಟ್ ಐಸ್‌ಕ್ರೀಮನ್ನು ಬೇಕೆಂದೇ ಕೊನೆಗೆ ಇಟ್ಟುಕೊಳ್ಳಿ. ತಿಂದವರಲ್ಲಿ 53% ಜನರಿಗೆ ಕಾಯಿಲೆ, ತಿನ್ನದವರಲ್ಲಿ 74%. ಹಾಗಾದರೆ ಚಾಕೊಲೇಟ್ ಕಾಯಿಲೆ ತಡೆಯಿತೇ? ಸುಮ್ನೆ ಪ್ರಶ್ನೆ ಕೇಳಿ ಎರಡು ನಿಮಿಷ ಬಿಡಿ. “ಚಾಕೊಲೇಟ್ ತಿನ್ನದವರು ವೆನಿಲಾ ತಿಂದಿರಬೇಕು, ಎರಡನ್ನೂ ಸೇರಿಸಿ ನೋಡಬೇಕು” ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹೀಗೆ ಒಂದರ ಪರಿಣಾಮ ಇನ್ನೊಂದರದ್ದು ಎಂಬಂತೆ ಕಾಣುವುದೇ ಕನ್‌ಫೌಂಡಿಂಗ್; ಪುಸ್ತಕದ ಆ ಕಷ್ಟದ ಅಧ್ಯಾಯದ ಬಾಗಿಲು ಅಲ್ಲೇ ತೆರೆಯುತ್ತದೆ.

ಎರಡನೇ ಹೆಜ್ಜೆ: ನಕ್ಷೆಯ ಹತ್ತಿರವೇ ನಿಲ್ಲಬೇಡಿ

1854ರ ಲಂಡನ್ ಕಾಲರಾ, ವೈದ್ಯ ಜಾನ್ ಸ್ನೋ, ಬ್ರಾಡ್ ಸ್ಟ್ರೀಟಿನ ನೀರಿನ ಪಂಪು: ಸಾವುಗಳನ್ನು ನಕ್ಷೆಯಲ್ಲಿ ಗುರುತು ಮಾಡಿದರೆ ಅವು ಆ ಪಂಪಿನ ಸುತ್ತಲೇ ಹೆಚ್ಚಾಗಿ ಕಂಡವು. ಈ ಕಥೆ ಎಲ್ಲರೂ ಹೇಳುತ್ತಾರೆ, ನಕ್ಷೆಯೂ ಸ್ಕ್ರೀನಿನ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಆ ನಕ್ಷೆಯಲ್ಲಿ ಎಣಿಸಿರುವುದು ಸಾವುಗಳನ್ನು ಮಾತ್ರ. ಅಂಶ ಇದೆ, ಛೇದ ಇಲ್ಲ. ನನ್ನ ಮಟ್ಟಿಗೆ ಸ್ನೋ ಮಾಡಿದ ಇನ್ನೂ ದೊಡ್ಡ ಕೆಲಸ ಒಂದು ಸಣ್ಣ ಕೋಷ್ಟಕದಲ್ಲಿದೆ. ಲಂಡನ್ನಿನಲ್ಲಿ ಎರಡು ಕಂಪನಿಗಳು ಒಂದೇ ಬೀದಿಗಳ ಮನೆಗಳಿಗೂ ನೀರು ಕೊಡುತ್ತಿದ್ದವು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ನಗರದ ಕೊಳಚೆ ಸೇರುವ ಕಡೆ ಥೇಮ್ಸ್ ನದಿಯ ನೀರು ಎತ್ತುತ್ತಿತ್ತು. ಲ್ಯಾಂಬೆತ್ ಕಂಪನಿ ನದಿಯ ಮೇಲ್ಭಾಗಕ್ಕೆ ಹೋಗಿತ್ತು. ಮೊದಲನೆಯದರ 40,046 ಮನೆಗಳಲ್ಲಿ 1,263 ಸಾವು, ಎರಡನೆಯದರ 26,107 ಮನೆಗಳಲ್ಲಿ 98. ಸಾವುಗಳನ್ನಷ್ಟೇ ನೋಡಿದರೆ ಸುಮಾರು 13 ಪಟ್ಟು ಅನ್ನಿಸುತ್ತದೆ. 10,000 ಮನೆಗಳಿಗೆ ಲೆಕ್ಕ ಹಾಕಿದರೆ 315 ಮತ್ತು 37, ಅಂದರೆ ಎಂಟೂವರೆ ಪಟ್ಟು. ಈ ಭಾಗಾಕಾರವನ್ನು ನೀವು ಮಾಡಬೇಡಿ, ವಿದ್ಯಾರ್ಥಿಗಳೇ ಮಾಡಲಿ.

ಮೂರನೇ ಹೆಜ್ಜೆ: ವಿಡಿಯೊ ಚಿಕ್ಕದು, ನೇರ ತರಗತಿ ಲೆಕ್ಕಕ್ಕೆ

ವಿವರಣೆಯನ್ನು ಎಂಟು-ಹತ್ತು ನಿಮಿಷದ ವಿಡಿಯೊಗಳಾಗಿ ಮೊದಲೇ ಕಳಿಸಿಬಿಡಿ. ಒಂದು ವಿಡಿಯೊಗೆ ಒಂದೇ ವಿಷಯ. ಇಂಟರ್‌ನೆಟ್ ನಿಧಾನ ಇರುವವರಿಗಾಗಿ ಆಡಿಯೊ ಮತ್ತು ಎರಡು ಪುಟದ ಟಿಪ್ಪಣಿಯೂ ಇರಲಿ. ಎಲ್ಲರೂ ಒಟ್ಟಿಗೆ ಸಿಗುವ ಸಮಯವನ್ನು ನಾಲ್ಕೈದು ಜನರ ಗುಂಪುಗಳ ಲೆಕ್ಕಕ್ಕೆ ಮೀಸಲಿಡಿ.

ಗುಂಪಿಗೆ ನಾನು ಕೊಡುವ ಲೆಕ್ಕ ಹೀಗಿದೆ. 1,000 ಜನರಲ್ಲಿ 10 ಜನರಿಗೆ ಕಾಯಿಲೆ ಇದೆ. ಪರೀಕ್ಷೆಯೊಂದು ರೋಗಿಗಳಲ್ಲಿ 90% ಜನರನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ 90% ಜನರಿಗೆ ಸರಿಯಾಗಿ ನೆಗೆಟಿವ್ ಅನ್ನುತ್ತದೆ. ಪಾಸಿಟಿವ್ ಬಂದವರಿಗೆ ನಿಜವಾಗಿ ಕಾಯಿಲೆ ಇರುವ ಸಾಧ್ಯತೆ ಎಷ್ಟು? ತುಂಬ ಜನ 90 ಅನ್ನುತ್ತಾರೆ. ಎಣಿಸಿ ನೋಡಿ: ರೋಗಿಗಳಲ್ಲಿ 9, ಆರೋಗ್ಯವಂತ 990 ಜನರಲ್ಲಿ 99, ಒಟ್ಟು 108 ಪಾಸಿಟಿವ್. ಅವರಲ್ಲಿ ರೋಗಿಗಳು 9 ಜನ, 8% ಅಷ್ಟೇ. ಶೇಕಡಾವಾರು ಬಿಟ್ಟು ತಲೆ ಎಣಿಸಿದರೆ ಗೊಂದಲ ತಾನಾಗೇ ಬಿಡುತ್ತದೆ.

ನಾಲ್ಕನೇ ಹೆಜ್ಜೆ: ಸಾಫ್ಟ್‌ವೇರ್ ಆಮೇಲೆ

ಮೊದಲು ಕಾಗದ, ಆಮೇಲೆ ಸ್ಪ್ರೆಡ್‌ಶೀಟ್, ಕೊನೆಗೆ ‘ಎಪಿ ಇನ್ಫೊ’ ಅಥವಾ ‘ಆರ್’ ಎಂಬ, ಅಂಕಿಅಂಶ ಲೆಕ್ಕ ಹಾಕುವ ಸಾಫ್ಟ್‌ವೇರ್. ಎರಡೂ ಉಚಿತ. ಇನ್‌ಸ್ಟಾಲ್ ಮಾಡುವ ಕೆಲಸ ತರಗತಿಗೆ ಒಂದು ವಾರ ಮೊದಲೇ ಮುಗಿದಿರಬೇಕು, ಇಲ್ಲದಿದ್ದರೆ ಇಡೀ ತರಗತಿ ಅದರಲ್ಲೇ ಹೋಗುತ್ತದೆ. ಅಭ್ಯಾಸಕ್ಕೆ ನಿಜವಾದ ರೋಗಿಗಳ ಹೆಸರು, ವಿಳಾಸ ಇರುವ ಕಡತವನ್ನು ಯಾವ ಕಾರಣಕ್ಕೂ ಹಂಚಬೇಡಿ.

ಐದನೇ ಹೆಜ್ಜೆ: ಉತ್ತರ ಕೊಡದವರನ್ನೂ ಎಣಿಸಿ

ತರಗತಿಯ ನಡುವೆ ಪೋಲ್ ಹಾಕುತ್ತೀರಿ. 20 ಉತ್ತರ ಬಂದವು, 18 ಸರಿ. 90% ಜನರಿಗೆ ಅರ್ಥವಾಯಿತು ಎಂದು ಮುಂದೆ ಹೋಗಬೇಡಿ. ತರಗತಿಯಲ್ಲಿ 60 ಜನ ಇದ್ದರೆ ಅರ್ಥವಾಗಿದೆ ಎಂದು ಖಾತ್ರಿಯಾಗಿದ್ದು 30% ಜನರಿಗೆ ಮಾತ್ರ. ಉಳಿದ 40 ಜನ ಯಾರು? ಲೈನ್ ಕಡಿದು ಹೋಯಿತೇ, ತಪ್ಪಾದೀತು ಎಂಬ ಭಯವೇ? ಅವತ್ತೇ ಸಂಜೆ ಅವರಿಗೆ ಒಂದು ಮೆಸೇಜ್ ಕಳಿಸಿ ಕೇಳಿ. ನನ್ನ ಪಾಠದಲ್ಲಿ ಜಾಸ್ತಿ ಬದಲಾವಣೆ ತಂದಿದ್ದು ಆ ಮೆಸೇಜುಗಳಿಗೆ ಬಂದ ಉತ್ತರಗಳೇ.

ಕೊನೆಯ ಪರೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಅಂಕಿಗಳನ್ನು ಕೊಡಿ. ಲೆಕ್ಕದ ಕೆಳಗೆ ಒಂದು ಪ್ರಶ್ನೆ ಇರಲಿ: ಆ ಐಸ್‌ಕ್ರೀಮ್ ಮಾಡಿದವರ ಎದುರು ಕೂತರೆ, ಈ 5.6ರ ಅರ್ಥವನ್ನು ಅವರಿಗೆ ಹೇಗೆ ಹೇಳುತ್ತೀರಿ? ಅಂಕಗಳಲ್ಲಿ ಅರ್ಧ ಲೆಕ್ಕಕ್ಕೆ, ಇನ್ನರ್ಧ ಆ ಉತ್ತರಕ್ಕೆ.